ಒಂಬತ್ತು ತಿಂಗಳಿಗೇ ಸ್ಟೇಜ್ ಹತ್ತಿದೋಳು

ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ದೀಪಾವಳಿ ನಾಟಕದ ರಿಹರ್ಸಲ್ ಮಧ್ಯೆ ನಮ್ಮ ಮೆಂಬರ್ ಒಬ್ರು ಸಂಕೋಚ ಪಟ್ಕೊಂಡು ಕೇಳಿದ್ರು, "ಸಾರ್, ಪಾಪೂನ ನೋಡ್ಕೊಳ್ಳೋಕೆ ಮನೇಲಿ ಯಾರೂ ಇಲ್ಲ, ಎತ್ಕೊಂಡೇ ಡೈಲಾಗ್ ಹೇಳ್ಲಾ?" ಧಾರಾಳವಾಗಿ ಹೇಳಮ್ಮ ಅಂದೆ, ಆಗ ತಲೆಗೆ ಬಂದಿದ್ದು ಇಂಗ್ಲಿಷ್ ನಟಿ ಫೆಲಿಸಿಟಿ ಕೆಂಡಲ್.

ಇಲ್ಲಿ ಇಂಗ್ಲೆಂಡಿಗೆ ಬಂದು ಸುಮಾರು ವರ್ಷ ಆದೋರಿಗೆ ಈಕೆ ಗೊತ್ತು, 'ದ ಗುಡ್ ಲೈಫ್' ಅನ್ನೋ ಟಿವಿ ಸೀರಿಯಲ್‌ನ ಬಾರ್ಬರಾ, ಲಂಡನ್ ಅಂಚಿನ ಸರ್ಬಿಟನ್‌ನಲ್ಲಿ ಮನೆ ಹಿತ್ತಲಲ್ಲಿ ಆಡು, ಹಂದಿ ಸಾಕ್ಕೊಂಡು ಮೈಯೆಲ್ಲ ಕೆಸರಾದ್ರೂ ನಗ್ತಿದ್ದೋಳು. ಆದ್ರೆ ಆಕೆ ಪಾರ್ಟ್ ಮಾಡೋದು ಕಲ್ತಿದ್ದು ಲಂಡನ್ನಲ್ಲಲ್ಲ, ನಮ್ಮ ಇಂಡಿಯಾದಲ್ಲಿ ಊರೂರು ಸುತ್ತಿ.

ಅಪ್ಪನ ಅಸಲಿ ಹೆಸರು ಜೆಫ್ರಿ ಬ್ರ್ಯಾಗ್. ಲೇಕ್ ಡಿಸ್ಟ್ರಿಕ್ಟ್ ಟ್ರಿಪ್ ಹೋಗೋವಾಗ ಸಿಗುತ್ತಲ್ಲ ಕೆಂಡಲ್, ಆ ಮಿಂಟ್ ಕೇಕ್ ಊರು, ಅಲ್ಲಿಯವ್ರು, ಗುಬ್ಬಿ ವೀರಣ್ಣನವರ ಥರ ಊರ ಹೆಸರೇ ಹೆಸರಾಗೋಯ್ತು. ಹೆಂಡತಿ ಲಾರಾ ಜೊತೆ ಸೇರ್ಕೊಂಡು 'ಷೇಕ್ಸ್‌ಪಿಯರಾನ' ಅಂತ ಕಂಪನಿ ನಡೆಸ್ತಿದ್ರು, ಸ್ಕೂಲಾಗ್ಲಿ ಮಹಾರಾಜರ ಅರಮನೆಯಾಗ್ಲಿ, ಕರೆದ ಕಡೆ ನಾಟಕ. 1946ರಲ್ಲಿ ಹುಟ್ಟಿದ ಚಿಕ್ಕ ಮಗಳು ಒಂಬತ್ತು ತಿಂಗಳಿಗೇ ಸ್ಟೇಜ್ ಮೇಲೆ, 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'ನಲ್ಲಿ ಯಕ್ಷರ ರಾಜ ರಾಣಿ ಇಬ್ರೂ ನಂಗೆ ಬೇಕು ನಂಗೆ ಬೇಕು ಅಂತ ಕಿತ್ತಾಡೋ ಮಗು ಇದೆಯಲ್ಲ, ಅದು. ತಮಾಷೆ ಅಂದ್ರೆ ನಾಟಕದಲ್ಲಿ ಆ ಮಗು ಇಂಡಿಯಾದ ರಾಜನ ಹತ್ರ ಕದ್ದು ತಂದಿದ್ದು! (ಆರು ತಿಂಗಳಿಗೇ 'ಪ್ರೇಮದ ಕಾಣಿಕೆ'ಲಿ ಬಂದ ನಮ್ಮ ಅಪ್ಪು ಈ ರೆಕಾರ್ಡ್ ಮುರಿದ್ರು ಅನ್ನಿ.)

ಆಮೇಲೆ ಆರು ಕಾನ್ವೆಂಟ್ ಬದಲಾಯ್ತು, ಹದಿನೇಳನೇ ವಯಸ್ಸಲ್ಲಿ ಕಲ್ಕತ್ತಾದಲ್ಲಿ ಟೈಫಾಯ್ಡ್ ಬಂತು. ಅಷ್ಟೊತ್ತಿಗೆ ಅಕ್ಕ ಜೆನಿಫರ್ 1958ರಲ್ಲೇ ಶಶಿ ಕಪೂರ್‌ನ ಮದುವೆ ಆಗಿದ್ಲು. 1965ರಲ್ಲಿ ಡೈರೆಕ್ಟರ್ ಜೇಮ್ಸ್ ಐವರಿ 'ಷೇಕ್ಸ್‌ಪಿಯರ್ ವಾಲಾ' ತೆಗೆದಾಗ ಹೆಚ್ಚುಕಮ್ಮಿ ಇವರ ಮನೆ ಕಥೆನೇ ಸಿನಿಮಾ ಆಯ್ತು, ಮ್ಯೂಸಿಕ್ ಸತ್ಯಜಿತ್ ರೇ, ಅಪ್ಪ ಅಮ್ಮನ ಪಾತ್ರಕ್ಕೆ ಸ್ವಂತ ಅಪ್ಪ ಅಮ್ಮ, ಇನ್ನು ಪ್ರೀತಿಸೋ ಹುಡುಗ ಯಾರು ಅಂತೀರಾ, ಸ್ವಂತ ಭಾವ ಶಶಿ ಕಪೂರ್! ಅಕ್ಕನ ಗಂಡನ ಜೊತೆ ಲವ್ ಸೀನ್ ಮಾಡೋದು ಆ ಹುಡುಗಿಗೆ ಎಷ್ಟು ಕಷ್ಟ ಆಗಿರಬೇಡ. ಸಿನಿಮಾ ಮುಗಿಯೋದು ಹುಡುಗೀನ ಇಂಗ್ಲೆಂಡ್ ಹಡಗು ಹತ್ತಿಸೋದ್ರಲ್ಲಿ, ನಿಜ ಜೀವನದಲ್ಲೂ ಆಮೇಲೆ ಆಕೆ ಇಂಗ್ಲೆಂಡಿಗೇ ಬಂದ್ಲು.

1967ರಲ್ಲಿ ಲಂಡನ್ ಸ್ಟೇಜು, 1974ರಲ್ಲಿ 'ದ ನಾರ್ಮನ್ ಕಾಂಕ್ವೆಸ್ಟ್ಸ್' ನಾಟಕ, ಅದ್ರಲ್ಲಿ ಜೊತೆಗಿದ್ದ ಪೆನೆಲೊಪಿ ಕೀತ್ ಮಾರನೇ ವರ್ಷ 'ಗುಡ್ ಲೈಫ್'ನಲ್ಲಿ ಪಕ್ಕದ್ಮನೆಯವಳು. ಅಂದ್ರೆ ಸಿನಿಮಾ ಹೀರೋಯಿನ್ ಆಗಿ ಹತ್ತು ವರ್ಷ ಆದ್ಮೇಲೆ ಮನೆಮನೆಗೂ ಗೊತ್ತಾಗಿದ್ದು. ನಂಗೆ ಖುಷಿ ಕೊಟ್ಟಿದ್ದು ಮಾತ್ರ 1995ರ 'ಇಂಡಿಯನ್ ಇಂಕ್' ವಿಷಯ, ಟಾಮ್ ಸ್ಟಾಪರ್ಡ್ ನಾಟಕ, ಅದ್ರಲ್ಲಿ ಇಂಡಿಯಾಗೆ ಬರೋ ಇಂಗ್ಲಿಷ್ ಕವಯಿತ್ರಿ ಪಾತ್ರ ಈಕೆದು.

ಅಂದಹಾಗೆ ನಮ್ಮ ಪಾಪು ರಿಹರ್ಸಲ್ ಪೂರ್ತಿ ಅಳಲೇ ಇಲ್ಲ, ಸೀರಿಯಸ್ ಸೀನಲ್ಲಿ ಅಮ್ಮನ ಮೂಗುತಿ ಹಿಡ್ಕೊಂಡು ಎಳೀತು, ಎಲ್ರೂ ನಕ್ಕುಬಿಟ್ವಿ, ಅದನ್ನ ಹಾಗೇ ಇಟ್ಕೊಂಡಿದ್ದೀವಿ. ಮುಂದಿನ ಭಾನುವಾರ ಎರಡು ಗಂಟೆಗೆ ಮತ್ತೆ ಸೇರೋಣ, ರಾಜನ ಶಲ್ಯ ಮುದ್ದೆಯಾಗಿದೆ, ಯಾರಾದ್ರೂ ಇಸ್ತ್ರಿಪೆಟ್ಟಿಗೆ ತನ್ನಿ.