ಎದುರು ಪಕ್ಷದಲ್ಲಿ ಕುಳಿತವರಿಗೆ ವಂದನೆ

ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು ಮತ್ತು ವಿವಾದ ಪರಿಹಾರ ವಿಷಯದಲ್ಲಿ ನಾನು ಕೈಗೊಂಡಿದ್ದ ಸ್ನಾತಕೋತ್ತರ ಅಧ್ಯಯನ ಮುಗಿದಿದೆ. ಪ್ರಬಂಧ ಅಂಗೀಕಾರವಾಗಿ ಪದವಿಯೂ ಕೈಸೇರಿದೆ. ಈ ಸಂದರ್ಭದಲ್ಲಿ ಹಾರೈಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ಆದರೂ ಈ ಬರಹದ ಬಹುಭಾಗ ಸಲ್ಲಬೇಕಾದದ್ದು, ನನ್ನ ಮಾತನ್ನು ಸುಲಭವಾಗಿ ಒಪ್ಪದೆ ಎದುರು ಕುಳಿತು ವಾದಿಸಿದವರಿಗೆ. ಈ ವಿಷಯದಲ್ಲಿ ನನಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲನ್ನು ಕಲಿಸಿದವರು ಅವರೇ.

ವಿಯೆನ್ನಾದಲ್ಲಿ ಪ್ರತಿವರ್ಷ ನಡೆಯುವ ವಿಲೆಮ್ ವಿಸ್ ಅಣಕು ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಪಕ್ಷಗಳೇ ಒಪ್ಪಿದ ಮಧ್ಯಸ್ಥಗಾರರಿಂದ ವಿವಾದದ ತೀರ್ಮಾನ) ಸ್ಪರ್ಧೆಯಲ್ಲಿ ಪ್ರತಿಯೊಂದು ತಂಡವೂ ಒಂದೇ ವಿವಾದದಲ್ಲಿ ಮೊದಲು ಹಕ್ಕುದಾರನ ಪರವಾಗಿ, ಆನಂತರ ಪ್ರತಿವಾದಿಯ ಪರವಾಗಿ ಲಿಖಿತ ವಾದವನ್ನು ಸಿದ್ಧಪಡಿಸಬೇಕಾಗುತ್ತದೆ. ನಮ್ಮ ಪ್ರಾಧ್ಯಾಪಕರು ಈ ಪದ್ಧತಿಯನ್ನು ತರಗತಿಗೆ ತಂದರು, ಮತ್ತು ಯಾರು ಯಾವ ಪಕ್ಷ ವಹಿಸಬೇಕೆಂಬ ಆಯ್ಕೆಯನ್ನು ನಮಗೆ ಬಿಡಲಿಲ್ಲ. ಸರಕು ಮಾರಾಟದ ಒಪ್ಪಂದಗಳಿಗೆ ಸಂಬಂಧಿಸಿದ 1980ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆಯೇ. ಅದರ 38ನೆಯ ವಿಧಿಯಂತೆ ಖರೀದಿದಾರನು ಸರಕನ್ನು ಸಾಧ್ಯವಾದಷ್ಟು ಬೇಗ ಪರಿಶೀಲಿಸಬೇಕು. 39ನೆಯ ವಿಧಿಯಂತೆ ದೋಷವನ್ನು ಸಮಂಜಸವಾದ ಅವಧಿಯೊಳಗೆ ಮಾರಾಟಗಾರನಿಗೆ ತಿಳಿಸದಿದ್ದರೆ ಆ ದೋಷವನ್ನು ಮುಂದಿಟ್ಟು ಪರಿಹಾರ ಕೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ, ಮತ್ತು ಒಪ್ಪಂದದಲ್ಲಿ ಬೇರೆ ಖಾತರಿ ಅವಧಿ ಇಲ್ಲದಿದ್ದರೆ 2 ವರ್ಷ ಕಳೆದ ಮೇಲೆ ಯಾವ ಸೂಚನೆಯೂ ಪ್ರಯೋಜನಕ್ಕೆ ಬಾರದು. ಮಾರಾಟಗಾರನ ಪರ ನಿಂತಿದ್ದ ನನಗೆ ಇಷ್ಟರಲ್ಲೇ ವ್ಯಾಜ್ಯ ಮುಗಿದಂತೆ ಕಂಡಿತ್ತು. ಎದುರಿಗಿದ್ದ ಸಹಪಾಠಿ ಮಾತ್ರ ಅವಸರವಿಲ್ಲದೆ 40ನೆಯ ವಿಧಿಯನ್ನು ತೆರೆದರು: ದೋಷಕ್ಕೆ ಕಾರಣವಾದ ಸಂಗತಿ ಮಾರಾಟಗಾರನಿಗೆ ತಿಳಿದಿದ್ದರೆ, ಅಥವಾ ತಿಳಿಯದಿರಲು ಸಾಧ್ಯವೇ ಇಲ್ಲದಿದ್ದರೆ, ಅದನ್ನು ಹೇಳದೆ ಮುಚ್ಚಿಟ್ಟವನು 38 ಮತ್ತು 39ನೆಯ ವಿಧಿಗಳ ಆಸರೆ ಪಡೆಯುವಂತಿಲ್ಲ. ಅಲ್ಲಿಂದ ವಾದವೆಲ್ಲ ಮಾರಾಟಗಾರನ ಕಾರ್ಖಾನೆಯ ಪರೀಕ್ಷಾ ವರದಿಗಳ ಮೇಲೆ ನಿಂತಿತು. ಪಕ್ಷ ಬದಲಾದ ವಾರ ಅದೇ ವಿಧಿಯನ್ನು ನಾನು ಬಳಸಬೇಕಾಯಿತು. ಅವರು ಅದಕ್ಕೂ ಉತ್ತರ ಸಿದ್ಧಪಡಿಸಿಕೊಂಡೇ ಬಂದಿದ್ದರು.

ನಾಗರಿಕ ಸಂಹಿತೆಯ ಪರಂಪರೆಯಲ್ಲಿ, ಅಂದರೆ ಫ್ರಾನ್ಸ್, ಜರ್ಮನಿಯಂಥ ದೇಶಗಳ ಕಾನೂನು ಪದ್ಧತಿಯಲ್ಲಿ, ಓದಿ ಬಂದ ಗೆಳೆಯರಿಗೂ ವಿಶೇಷವಾಗಿ ಕೃತಜ್ಞತೆ ಸಲ್ಲಿಸಬೇಕು. ಎದುರಾಳಿಯ ಕಡತಗಳಲ್ಲಿರುವ ದಾಖಲೆಗಳನ್ನು ಕೇಳಿ ಪಡೆಯುವುದು ಮತ್ತು ಸಾಕ್ಷಿಗಳ ದೀರ್ಘ ಪಾಟೀಸವಾಲು ನಡೆಸುವುದು ನನಗೆ ಸಹಜವಾದ ಕ್ರಮಗಳಾಗಿದ್ದರೆ, ಅವರಿಗೆ ಅವು ಕಾಲವನ್ನೂ ಹಣವನ್ನೂ ನುಂಗುವ ಅತಿರೇಕವಾಗಿದ್ದವು. ಆರ್ಬಿಟ್ರೇಷನ್ ವಿಚಾರಣೆಯನ್ನು ಚುರುಕಾಗಿ ನಡೆಸಲು ರೂಪಿಸಿದ 2018ರ ಪ್ರಾಗ್ ನಿಯಮಗಳು ಹುಟ್ಟಿದ್ದು ಇಂಥದೇ ಅಸಮಾಧಾನದಿಂದ ಎಂಬುದನ್ನು ಪುಸ್ತಕದಿಂದ ತಿಳಿಯಬಹುದು. ಆ ಅಸಮಾಧಾನ ಎಷ್ಟು ಪ್ರಾಮಾಣಿಕವಾದದ್ದು ಎಂಬುದನ್ನು ತಿಳಿಯಲು ಅವರೊಡನೆ ಕುಳಿತು ಒಂದು ವಿಚಾರಣಾ ವೇಳಾಪಟ್ಟಿಯನ್ನು ರೂಪಿಸಬೇಕು. (ನಮ್ಮ ವೇಳಾಪಟ್ಟಿಗೆ ಒಮ್ಮತ ಮೂಡಲೇ ಇಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.)

ಪ್ರಬಂಧದ ಮಾರ್ಗದರ್ಶಕರ ಋಣ ಎಲ್ಲಕ್ಕಿಂತ ದೊಡ್ಡದು. ಆರ್ಬಿಟ್ರೇಷನ್ ನಡೆದ ದೇಶದ ನ್ಯಾಯಾಲಯವೇ ರದ್ದುಪಡಿಸಿದ ತೀರ್ಪನ್ನು ಮತ್ತೊಂದು ದೇಶದಲ್ಲಿ ಜಾರಿಗೊಳಿಸಬಹುದೇ ಎಂಬುದು ನಾನು ಆರಿಸಿಕೊಂಡ ಪ್ರಶ್ನೆ. ಇಂದು 170ಕ್ಕೂ ಹೆಚ್ಚು ದೇಶಗಳನ್ನು ಕಟ್ಟಿಹಾಕಿರುವ, ವಿದೇಶಿ ಆರ್ಬಿಟ್ರೇಷನ್ ತೀರ್ಪುಗಳ ಮಾನ್ಯತೆ ಮತ್ತು ಜಾರಿ ಕುರಿತ 1958ರ ನ್ಯೂಯಾರ್ಕ್ ಒಡಂಬಡಿಕೆಯು ತನ್ನ 5ನೆಯ ವಿಧಿಯಲ್ಲಿ ಇಂಥ ರದ್ದತಿಯನ್ನು ಜಾರಿ ನಿರಾಕರಿಸಲು ಒಂದು ಆಧಾರವೆಂದು ಹೇಳಿದರೂ, 7ನೆಯ ವಿಧಿಯಲ್ಲಿ ಜಾರಿ ಕೋರಿದ ದೇಶದ ಸ್ವಂತ ಕಾನೂನು ಹೆಚ್ಚು ಉದಾರವಾಗಿದ್ದರೆ ಅದನ್ನು ಅವಲಂಬಿಸಲು ಅವಕಾಶವಿತ್ತಿದೆ. ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು 1994ರಲ್ಲಿ ಹಿಲ್ಮಾರ್ಟನ್ ಪ್ರಕರಣದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರದ್ದಾದ ತೀರ್ಪನ್ನೂ, 2007ರಲ್ಲಿ ಪುತ್ರಬಾಲಿ ಪ್ರಕರಣದಲ್ಲಿ ಇಂಗ್ಲೆಂಡಿನಲ್ಲಿ ರದ್ದಾದ ತೀರ್ಪನ್ನೂ ಮಾನ್ಯ ಮಾಡಿತು. ಅಂತರರಾಷ್ಟ್ರೀಯ ತೀರ್ಪು ಯಾವೊಂದು ದೇಶದ ಕಾನೂನು ವ್ಯವಸ್ಥೆಗೂ ಕಟ್ಟುಬಿದ್ದಿಲ್ಲ ಎಂಬುದು ಅದರ ನಿಲುವು. ನನಗೆ ಈ ನಿಲುವು ಸರಿಯೆನಿಸಿತ್ತು, ಈಗಲೂ ಸರಿಯೆನಿಸುತ್ತದೆ. ಮಾರ್ಗದರ್ಶಕರು ಇದಕ್ಕೆ ಸಂಪೂರ್ಣ ವಿರುದ್ಧವಾಗಿದ್ದರು. ಉಭಯ ಪಕ್ಷಗಳೂ ಒಪ್ಪಿ ಆರಿಸಿಕೊಂಡ ದೇಶದ ನ್ಯಾಯಾಲಯದ ಮಾತಿಗೆ ಬೆಲೆಯಿಲ್ಲವೆಂದಾದರೆ ಆ ಆಯ್ಕೆಗೆ ಅರ್ಥವೇನು, ಒಂದೇ ತೀರ್ಪು ಒಂದು ಗಡಿಯ ಆಚೆ ಜೀವಂತವಾಗಿ ಈಚೆ ಸತ್ತಿದ್ದರೆ ವ್ಯಾಪಾರಿಗೆ ಯಾವ ನಿಶ್ಚಿತತೆ ಉಳಿಯುತ್ತದೆ ಎಂದು ಅವರು ಪ್ರತಿ ಅಧ್ಯಾಯದ ಅಂಚಿನಲ್ಲೂ ಬರೆದರು. ತಮ್ಮ ಅಭಿಪ್ರಾಯಕ್ಕೆ ನನ್ನನ್ನು ಎಳೆದುಕೊಳ್ಳಲು ಅವರು ಒಮ್ಮೆಯೂ ಯತ್ನಿಸಲಿಲ್ಲ. ಅದನ್ನು ಅದರ ಪೂರ್ಣ ಬಲದೊಡನೆ ಬರೆದು ಆಮೇಲೆ ಉತ್ತರಿಸಬೇಕೆಂದಷ್ಟೇ ಒತ್ತಾಯಿಸಿದರು. ಪ್ರಬಂಧದ 3ನೆಯ ಅಧ್ಯಾಯ ಓದಲು ಯೋಗ್ಯವಾಗಿದ್ದರೆ ಅದರ ಶ್ರೇಯಸ್ಸು ಆ ಒತ್ತಾಯಕ್ಕೆ ಸೇರಬೇಕು.

ಗ್ರಂಥಾಲಯದ ಸಿಬ್ಬಂದಿ ಹಳೆಯ ತೀರ್ಪುಗಳನ್ನು ಹುಡುಕಿಕೊಟ್ಟರು, ಮನೆಯವರು ಖರ್ಚನ್ನೂ ನನ್ನ ಗೈರುಹಾಜರಿಯನ್ನೂ ಸಹಿಸಿಕೊಂಡರು. ಅವರಿಗೆಲ್ಲ ಮನಃಪೂರ್ವಕ ನಮಸ್ಕಾರಗಳು.

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು 1985ರಲ್ಲಿ ರೂಪಿಸಿದ ಮಾದರಿ ಕಾನೂನಿನ 18ನೆಯ ವಿಧಿ, ಪಕ್ಷಗಳನ್ನು ಸಮಾನವಾಗಿ ಕಾಣಬೇಕು, ಪ್ರತಿ ಪಕ್ಷಕ್ಕೂ ತನ್ನ ವಾದ ಮಂಡಿಸಲು ಪೂರ್ಣ ಅವಕಾಶ ಕೊಡಬೇಕು ಎನ್ನುತ್ತದೆ. ಈ ವಿಧಿಯನ್ನು ಪಾಠವಾಗಿ ಓದುವುದಕ್ಕಿಂತ ಮೊದಲೇ, ಅದರಂತೆ ನನ್ನನ್ನು ನಡೆಸಿಕೊಂಡ ಜನರ ನಡುವೆ ಇರುವ ಭಾಗ್ಯ ನನ್ನದಾಯಿತು. ಮುಂದಿನ ವರ್ಷ ಈ ಅಧ್ಯಯನಕ್ಕೆ ಸೇರಲಿರುವವರು ಕೇಳಿದರೆ ನಮ್ಮ ಅಭ್ಯಾಸದ ಲಿಖಿತ ವಾದಗಳನ್ನು ಸಂತೋಷದಿಂದ ಕಳುಹಿಸುತ್ತೇನೆ. ಸಹಪಾಠಿಗಳ ಒಪ್ಪಿಗೆ ಪಡೆದು ಎರಡೂ ಪಕ್ಷಗಳ ಪ್ರತಿಗಳನ್ನು ಒಟ್ಟಿಗೆ ಜೋಡಿಸಿಟ್ಟಿದ್ದೇನೆ.