ಬಿಡಿಸಿ ತಂದ ನಾಯಿಗೆ ಮನೆ ಸಿಗುವ ತನಕ

ಮಾನ್ಯ ಸಂಪಾದಕರೇ,

ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದ ಬಗ್ಗೆ ಪರ-ವಿರೋಧದ ಮಾತು ಸಾಕಷ್ಟು ನಡೆದಿದೆ. ಆಸಕ್ತರು ಪಾಲಿಕೆಗೆ ಅರ್ಜಿ ಸಲ್ಲಿಸಿ ನಾಯಿಯನ್ನು ದತ್ತು ಪಡೆಯಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ಅದೇ ಆದೇಶದಲ್ಲಿ ಹೇಳಿರುವುದು ಮಾತ್ರ ಈ ಗದ್ದಲದಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಆದರೆ ನಾಯಿಯೊಂದನ್ನು ಬಿಡಿಸಿ ತರುವುದಕ್ಕೂ ಅದು ಒಂದು ಮನೆಯಲ್ಲಿ ನೆಲೆಯೂರುವುದಕ್ಕೂ ನಡುವೆ ಕೆಲವು ತಿಂಗಳುಗಳ ಆರೈಕೆ ಬೇಕಾಗುತ್ತದೆ. ಮುಂಬಯಿಯಲ್ಲಿ ಆ ಆರೈಕೆಗೆ ಸಿಗುವ ಜನ ಕಡಿಮೆ, ಜಾಗ ಇನ್ನೂ ಕಡಿಮೆ.

ಮುಲುಂಡಿನ ನಮ್ಮ ರಸ್ತೆಯ ಕಟ್ಟಡವೊಂದರ ಪಾರ್ಕಿಂಗ್ ಮೂಲೆಯಲ್ಲಿ, ಸಾಕಿದವರು ಮನೆ ಬದಲಿಸುವಾಗ ಲ್ಯಾಬ್ರಡಾರ್ ಜಾತಿಯ ಹೆಣ್ಣುನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಕಟ್ಟಿ ಹೊರಟುಹೋಗಿದ್ದರು. ವಾಚ್‌ಮನ್ ತನ್ನ ಊಟದಲ್ಲಿ ಮಿಗಿಸಿ ಹಾಕುತ್ತಿದ್ದುದರಿಂದ ಅದು ಜೀವ ಹಿಡಿದುಕೊಂಡಿತ್ತು. ಕೊರಳಪಟ್ಟಿ ಚರ್ಮದೊಳಕ್ಕೆ ಇಳಿದು ಹುಣ್ಣಾಗಿತ್ತು. ಬೆನ್ನಿನ ಕೂದಲು ಉದುರಿ ತೊಗಲು ಕಪ್ಪಾಗಿ ದಪ್ಪಗಟ್ಟಿತ್ತು. ನಡೆದಾಡದ ಕಾರಣ ಉಗುರುಗಳು ಸವೆಯದೆ ಬಾಗಿ ಬೆಳೆದು ಪಾದ ಓರೆಯಾಗಿ ಊರುತ್ತಿತ್ತು. ನೆರೆಹೊರೆಯ ನಾಲ್ಕಾರು ಮಂದಿ ಸೇರಿ ಅದನ್ನು ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆಗೆ ಒಯ್ದೆವು. ಇಲ್ಲಿನ ನಿಯಮದಂತೆ ಉಪನಗರದ ಆಟೋರಿಕ್ಷಾ ಸಾಯನ್ ದಾಟಿ ನಗರದೊಳಕ್ಕೆ ಬರುವಂತಿಲ್ಲ. ಅಲ್ಲಿಂದಾಚೆ ಗಾಯಗೊಂಡ ನಾಯಿಯನ್ನು ಹತ್ತಿಸಿಕೊಳ್ಳಲು ಒಪ್ಪುವ ಟ್ಯಾಕ್ಸಿಯವನನ್ನು ಹುಡುಕುವುದೇ ಒಂದು ಸಾಹಸ.

ಹೀಗೆ ಕಟ್ಟಿಹಾಕಿ ಬಿಟ್ಟುಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಪ್ರಾಣಿಯನ್ನು ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದನ್ನೂ ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನೂ ಹೆಸರಿಸಿಯೇ ನಿಷೇಧಿಸಿದೆ. ಮೊದಲ ಬಾರಿಯ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಈ ಮೊತ್ತಕ್ಕೆ ಇಂದು ಒಂದು ವಡಾಪಾವ್, ಒಂದು ಚಹಾ ಬಂದೀತು. ಕಾನೂನಿನ ಭಯ ಎಷ್ಟರಮಟ್ಟಿಗೆ ಇದ್ದೀತು ಎಂಬುದನ್ನು ಓದುಗರೇ ಊಹಿಸಲಿ.

ಹಸಿದು ಬಂದ ನಾಯಿಗೆ ಹೊಟ್ಟೆತುಂಬ ಬಡಿಸಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳ ಮಟ್ಟ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಆದ್ದರಿಂದ ಪಶುವೈದ್ಯರು ಹೇಳಿದ ಅಳತೆಯಲ್ಲಿ, ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪವೇ ಕೊಟ್ಟು ನಿಧಾನವಾಗಿ ಹೆಚ್ಚಿಸಬೇಕು. ನಮ್ಮವರು ಪ್ರೀತಿಯಿಂದ ಕಲಸಿ ಹಾಕುವ ಈರುಳ್ಳಿ ಸಾಂಬಾರಿನ ಅನ್ನವಂತೂ ಕೂಡದು, ಏಕೆಂದರೆ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ಚರ್ಮರೋಗವೆಂದ ಕೂಡಲೇ ಬೇವಿನೆಣ್ಣೆ, ಗಂಧಕ ಎಂದು ಮನೆಮದ್ದು ಸೂಚಿಸುವವರೂ ಬಹಳ. ಕಜ್ಜಿಯಲ್ಲಿ ಒಂದು ಬಗೆಯದು ಇತರ ನಾಯಿಗಳಿಗೆ ಹರಡಿ ಮನುಷ್ಯರಿಗೂ ತುರಿಕೆ ತರುತ್ತದೆ, ಇನ್ನೊಂದು ಹಾಗೆ ಹರಡುವುದಿಲ್ಲ. ಯಾವುದೆಂದು ತಿಳಿಯಲು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರಕ್ತ ಹೀರುವ ಉಣ್ಣಿಹುಳ ಕಚ್ಚಿ ಬರುವ ಜ್ವರಕ್ಕೆ ರಕ್ತಪರೀಕ್ಷೆ ಬೇಕು. ಲಸಿಕೆ, ಜಂತುವಿನ ಔಷಧಿ, ಸಂತಾನಹರಣ ಶಸ್ತ್ರಚಿಕಿತ್ಸೆ ಇವೆಲ್ಲವೂ ನಾಯಿ ಚೇತರಿಸಿಕೊಂಡಂತೆ ವೈದ್ಯರು ಹೇಳಿದ ಕ್ರಮದಲ್ಲಿ ನಡೆಯಬೇಕು.

ಗಾಯ ಮಾಯುವುದಕ್ಕಿಂತ ಅಂಜಿಕೆ ಬಿಡುವುದೇ ತಡ. ನಾವು ತಂದ ನಾಯಿ ನಾವು ಬೆನ್ನು ತಿರುಗಿಸಿದ ಮೇಲಷ್ಟೇ ತಟ್ಟೆಗೆ ಬಾಯಿ ಹಾಕುತ್ತಿತ್ತು. ಸಿಮೆಂಟು ನೆಲವನ್ನಷ್ಟೇ ಕಂಡಿದ್ದ ಅದಕ್ಕೆ ನಯವಾದ ಟೈಲ್ಸ್ ಮೇಲೆ ಕಾಲು ನಿಲ್ಲುತ್ತಿರಲಿಲ್ಲ, ಹಳೆಯ ಚಾಪೆಗಳನ್ನು ಸಾಲಾಗಿ ಹಾಸಿದ ಬಳಿಕ ಅವುಗಳ ಮೇಲೆಯೇ ಅಳೆದು ಅಳೆದು ಹೆಜ್ಜೆಯಿಡುತ್ತಿತ್ತು. ಕಸಬರಿಗೆ ಎತ್ತಿದರೆ ಮಂಚದಡಿ ಸೇರಿ ಗುರುಗುಟ್ಟುತ್ತಿತ್ತು. ಅದನ್ನು ಕೆಲವರು ಪೊಗರೆಂದರು. ನನ್ನ ಪ್ರಕಾರ ಅದು ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಮೊದಲ ದಿನಗಳಲ್ಲಿ ನೆಂಟರಿಷ್ಟರನ್ನು ಕರೆದು ತೋರಿಸದೆ, ಮಕ್ಕಳು ಅದನ್ನು ತಬ್ಬಿಕೊಳ್ಳಲು ಬಿಡದೆ, ಒಂದೇ ಹೊತ್ತಿಗೆ ಊಟ, ಒಂದೇ ದಾರಿಯಲ್ಲಿ ತಿರುಗಾಟ ಎಂದಿಟ್ಟುಕೊಂಡರೆ ಅದೇ ದೊಡ್ಡ ಚಿಕಿತ್ಸೆ.

ಇನ್ನು ಮನೆ ಹುಡುಕುವ ಮಾತು. ದತ್ತು ಕೊಡುವವರ ಪ್ರಕಟಣೆಗಳಲ್ಲಿ ಎಲ್ಲ ನಾಯಿಗಳೂ ಸಾಧು, ಎಲ್ಲವೂ ಮಕ್ಕಳ ಮಿತ್ರರು. ವಧೂವರರ ಜಾಹೀರಾತಿನಲ್ಲೂ ಇಷ್ಟು ಗುಣಗಾನ ಇರುವುದಿಲ್ಲ. ಲಿಫ್ಟ್ ಕಂಡರೆ ಹೆದರುತ್ತದೆ, ಒಬ್ಬಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆ, ಪಟಾಕಿ ಸದ್ದಿಗೆ ಓಡಿಬಿಡುತ್ತದೆ ಎಂಬುದನ್ನು ಮುಚ್ಚಿಟ್ಟು ಕೊಟ್ಟರೆ ದೀಪಾವಳಿ ಕಳೆಯುವಷ್ಟರಲ್ಲಿ ನಾಯಿ ವಾಪಸು ಬರುತ್ತದೆ, ಅಥವಾ ಬೀದಿ ಸೇರುತ್ತದೆ. ಕೊಡುವವರು ಆ ಮನೆಗೆ ಹೋಗಿ ನೋಡಬೇಕು. ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ ಎಂದು ವಿಚಾರಿಸಬೇಕು. ಕೆಲವು ವಾರ ಇಟ್ಟುಕೊಂಡು ನೋಡಲು ಅವಕಾಶ ಕೊಟ್ಟು, ಹೊಂದಿಕೆಯಾಗದಿದ್ದರೆ ತಾವೇ ಹಿಂದಕ್ಕೆ ಪಡೆಯುವುದಾಗಿ ಬರೆದುಕೊಡಬೇಕು. ನಮ್ಮ ಜನರಿಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಎಲ್ಲರೂ ಊರಿಗೆ ಹೊರಟಾಗ ನಾಯಿ ಎಲ್ಲಿರುತ್ತದೆ? ಇದಕ್ಕೆ ತಡವರಿಸುವವರಿಗೆ ನಾಯಿ ಕೊಡದಿರುವುದೇ ಲೇಸು.

ಹೌಸಿಂಗ್ ಸೊಸೈಟಿಗಳ ವರ್ತನೆಯ ಬಗ್ಗೆಯೂ ಹೇಳಬೇಕಾಗಿದೆ. ಬಹುಮತದ ಠರಾವಿನಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಹಾಗಿದ್ದರೂ ಬಾಡಿಗೆದಾರರು ತಾತ್ಕಾಲಿಕವಾಗಿ ಒಂದು ನಾಯಿಯನ್ನು ಇಟ್ಟುಕೊಂಡರೆ ಕಾರ್ಯದರ್ಶಿಗಳ ಚೀಟಿ ಬಾಗಿಲಿಗೆ ಬರುತ್ತದೆ. ಕೊಳಕು ಮಾಡಿದರೆ ಸ್ವಚ್ಛಗೊಳಿಸಿರೆಂದು, ಲಸಿಕೆಯ ಕಾರ್ಡು ತೋರಿಸಿರೆಂದು ಕೇಳುವುದು ನ್ಯಾಯ. ಹೊರಗೆ ಹಾಕಿರೆನ್ನುವುದು ನ್ಯಾಯವಲ್ಲ.

ಮುಂಬಯಿಯ ಕನ್ನಡ ಸಂಘಗಳು ರಕ್ತದಾನ, ಕಣ್ಣಿನ ತಪಾಸಣೆ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ತಮ್ಮ ಸದಸ್ಯರಲ್ಲಿ ಒಂದೆರಡು ತಿಂಗಳ ಮಟ್ಟಿಗೆ ನಾಯಿಯನ್ನು ಇಟ್ಟುಕೊಳ್ಳಬಲ್ಲವರು ಯಾರು, ಬರೀ ಮೇ ತಿಂಗಳಲ್ಲಿ ನೋಡಿಕೊಳ್ಳಬಲ್ಲವರು ಯಾರು, ಆಸ್ಪತ್ರೆಗೆ ಕಾರು ಕೊಡಬಲ್ಲವರು ಯಾರು ಎಂದು ಒಂದು ಪಟ್ಟಿ ಮಾಡಿಟ್ಟುಕೊಳ್ಳುವುದು ಅವುಗಳಿಗೆ ಕಷ್ಟವಾಗಲಾರದು. ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಅಂಗೈಯಗಲ ಜಾಗದಲ್ಲಿ ಮನೆ ಬೇಕಾದ ನಾಯಿಗಳ ವಿವರವನ್ನು ಪ್ರಕಟಿಸಬೇಕೆಂದು, ಅದರಲ್ಲಿ ವಯಸ್ಸು, ಲಸಿಕೆ, ಶಸ್ತ್ರಚಿಕಿತ್ಸೆಗಳ ಜೊತೆಗೆ ಆ ನಾಯಿಗೆ ಯಾವುದರ ಹೆದರಿಕೆ ಎಂಬುದನ್ನೂ ತಪ್ಪದೆ ಬರೆಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಮುಲುಂಡ್ ಪೂರ್ವ, ಮುಂಬಯಿ