ದತ್ತು ತೆಗೆದುಕೊಳ್ಳುವ ಕಾಲೇಜಿಗೆ ಒಂದು ಪ್ರಶ್ನೆ: ಮಗುವಿನ ಕಾಲಿಗೆ ಪೆಟ್ಟಾದರೆ?

ಸಂಪಾದಕರಿಗೆ ನಮಸ್ಕಾರ.

ಬ್ರಹ್ಮಾವರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಏಪ್ರಿಲ್, ಮೇ ಬಂತೆಂದರೆ ಅಂಗಡಿ ತುಂಬಾ ಮಾರ್ಕ್ಸ್‌ಕಾರ್ಡ್ ಹಿಡಿದ ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮ. ಅದರಲ್ಲಿ ಕೆಲವು ಮಕ್ಕಳ ಫೈಲು ಮಾತ್ರ ದಪ್ಪ ಇರುತ್ತದೆ. ಮಾರ್ಕ್ಸ್‌ಕಾರ್ಡ್ ಒಂದು, ಸರ್ಟಿಫಿಕೇಟ್ ಇಪ್ಪತ್ತು. ತಾಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ, ರಾಜ್ಯ. ಝೆರಾಕ್ಸ್ ತೆಗೆಯುತ್ತಾ ನಾನು ಕೇಳುತ್ತೇನೆ, "ಎಲ್ಲಿಗೆ ಸೇರುವುದು?" ಹೆಚ್ಚಿನವರದ್ದು ಒಂದೇ ಉತ್ತರ. "ಕೋಚ್ ಹೇಳಿದಲ್ಲಿಗೆ."

ಎರಡು ವರ್ಷದ ಹಿಂದೆ ನಾವೂ ಇದೇ ಉತ್ತರ ಕೊಟ್ಟವರು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳು 400 ಮೀಟರ್ ಹರ್ಡಲ್ಸ್ ಓಡುತ್ತಾಳೆ. ಶಾಲೆಯಲ್ಲಿ ಹರ್ಡಲ್ ಇರಲಿಲ್ಲ. ಪಿ.ಟಿ. ಮಾಸ್ಟ್ರು ಬಿದಿರು ಕಡಿದು, ಹಗ್ಗ ಕಟ್ಟಿ ಮಾಡಿಕೊಟ್ಟದ್ದರಲ್ಲಿ ಹಾರಿ ಕಲಿತವಳು. ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯ ಮಟ್ಟಕ್ಕೆ ಹೋದಳು. ಅದಾಗಿ ಹದಿನೈದು ದಿನದಲ್ಲಿ ಒಂದು ಕಾಲೇಜಿನಿಂದ ಫೋನ್ ಬಂತು. ದತ್ತು ತೆಗೆದುಕೊಳ್ಳುತ್ತೇವೆ, ಅಂದರೆ ಕಾಲೇಜಿಗಾಗಿ ಓಡುವ ಮಕ್ಕಳಿಗೆ ಫೀಸ್, ಹಾಸ್ಟೆಲ್, ಊಟ ಎಲ್ಲ ಫ್ರೀ ಎಂದರು. ಹೆಂಡತಿ ಗೇರುಬೀಜ ಕಾರ್ಖಾನೆಗೆ ಹೋಗುತ್ತಾಳೆ. ನಮ್ಮಂಥವರ ಮನೆಗೆ ಅದು ದೇವರೇ ಮಾಡಿದ ಫೋನ್ ಅಂತ ಅನ್ನಿಸಿತು. ಆ ಕಾಲೇಜು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯ ಹೊರಗಿನದ್ದು, ಹೆಸರು ಬೇಡ. ಒಳ್ಳೆಯ ಟ್ರ್ಯಾಕ್ ಇತ್ತು, ಊಟವೂ ಚೆನ್ನಾಗಿತ್ತು, ಅದನ್ನು ಸುಳ್ಳು ಹೇಳುವುದಿಲ್ಲ.

ಸೇರಿಸುವ ದಿನ ಅಲ್ಲಿನವರು ಹೇಳಿದರು, ಕಾಮರ್ಸ್ ಕೊಡಿಸಿ, ಸಾಯನ್ಸ್ ಆದರೆ ಪ್ರಾಕ್ಟಿಕಲ್ ಇರುತ್ತದೆ, ಪ್ರಾಕ್ಟೀಸ್ ತಪ್ಪುತ್ತದೆ ಎಂದು. ನಾನು ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು, ಇಬ್ಬರೂ ತಲೆ ಆಡಿಸಿದೆವು. ಆಗ ಅವಳಿಗೆ ಹದಿನಾರು. ಅವಳಿಗೆ ಏನು ಓದಬೇಕು ಅಂತ ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಪ್ರಥಮ ಪಿಯುವಿನ ನವೆಂಬರ್ ಹೊತ್ತಿಗೆ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ನೋವು ಶುರುವಾಯಿತು. ಐಸ್ ಇಟ್ಟರು, ಟೇಪ್ ಸುತ್ತಿದರು, ಮೀಟ್ ಹತ್ತಿರ ಇದೆ ಅಂತ ಓಡಿಸಿದರು. ಎಕ್ಸ್‌ರೇ ತೆಗೆದಾಗ ಏನೂ ಕಾಣಲಿಲ್ಲ. ಏನೂ ಇಲ್ಲ ಅಂದ ಮೇಲೆ ಮತ್ತೆ ಓಡಿದಳು. ಜನವರಿಯಲ್ಲಿ ಊರಿಗೆ ಬಂದವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡದ್ದನ್ನು ಅವಳ ಅಮ್ಮ ನೋಡಿದಳು. ಇಲ್ಲಿ ಎಂಆರ್‌ಐ ಮಾಡಿಸಿದಾಗ ಸ್ಟ್ರೆಸ್ ಫ್ರಾಕ್ಚರ್. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಶುರುವಿನಲ್ಲಿ ಇಂಥದ್ದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ, ಡಾಕ್ಟ್ರು ಹೇಳಿದ ಮೇಲೆ ನಮಗೆ ಗೊತ್ತಾದದ್ದು.

ಡಾಕ್ಟ್ರು ಇನ್ನೊಂದು ಪ್ರಶ್ನೆ ಕೇಳಿದರು. ತಿಂಗಳ ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ. ನಾಲ್ಕು ತಿಂಗಳಿಂದ ಆಗಿರಲಿಲ್ಲ. ಅವಳು ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ, ಜಾಸ್ತಿ ಪ್ರಾಕ್ಟೀಸ್ ಮಾಡುವವರಿಗೆ ಹಾಗೆ ಆಗುವುದೇ ಅಂತ ಸೀನಿಯರ್ ಹುಡುಗಿಯರು ಹೇಳಿದ್ದರಂತೆ. ಓಡುವಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಮುಟ್ಟು ನಿಂತರೆ ಎಲುಬಿನ ಬಲ ಇಳಿಯುತ್ತದೆ, ಆಗ ಇಂಥ ಬಿರುಕು ಬರುತ್ತದೆ. ಅಪ್ಪನಾಗಿ ಇದನ್ನು ಪೇಪರಿನಲ್ಲಿ ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ. ಓಡುವ ಹೆಣ್ಣುಮಕ್ಕಳ ಮನೆಯವರು ದಯವಿಟ್ಟು ಕೇಳಿ. ಅಮ್ಮನೇ ಕೇಳಬೇಕೆಂದಿಲ್ಲ. ಹಾಸ್ಟೆಲಿನಲ್ಲಿ ಒಬ್ಬ ಹೆಂಗಸು ಈ ವಿಷಯ ವಿಚಾರಿಸುವವರು ಇದ್ದಾರಾ ಅಂತಲೂ ಕೇಳಿ.

ಎರಡು ತಿಂಗಳು ಓಡುವ ಹಾಗಿಲ್ಲ, ಆಮೇಲೂ ನಿಧಾನ ಎಂದು ಡಾಕ್ಟ್ರು ಬರೆದುಕೊಟ್ಟರು. ಆ ಚೀಟಿ ಕಾಲೇಜಿಗೆ ಕೊಟ್ಟೆವು. ಮೇ ತಿಂಗಳಲ್ಲಿ ಫೋನ್ ಬಂತು. ಈ ವರ್ಷ ಸಾಧನೆ ಇಲ್ಲ, ಹಾಗಾಗಿ ದ್ವಿತೀಯ ಪಿಯುಗೆ ಫೀಸ್ ಮತ್ತು ಹಾಸ್ಟೆಲ್ ಹಣ ಕಟ್ಟಬೇಕು. ನಾನು ಕೇಳಿದೆ, ಫ್ರೀ ಅಂದಿದ್ದಿರಲ್ಲ? ಎಲ್ಲಿ ಬರೆದಿದೆ ತೋರಿಸಿ ಎಂದರು. ಎಲ್ಲಿಯೂ ಬರೆದಿರಲಿಲ್ಲ. ದಿನವಿಡೀ ಊರವರ ಕಾಗದಪತ್ರ ಝೆರಾಕ್ಸ್ ತೆಗೆಯುವ ನನ್ನ ಹತ್ತಿರ, ನನ್ನ ಮಗಳ ಬಗ್ಗೆ ಒಂದು ಹಾಳೆ ಇರಲಿಲ್ಲ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಕಟ್ಟಿದೆವು.

ಹಣದ್ದು ಒಂದು ಕಡೆ. ಅದಕ್ಕಿಂತ ದೊಡ್ಡದು ಬೇರೆ. ಮನೆಯಲ್ಲಿ ಮಲಗಿದ್ದಾಗ ಅವಳು ದಿನಾ ಫಿಸಿಯೋಥೆರಪಿಗೆ ಹೋಗುತ್ತಿದ್ದಳು. ಅಲ್ಲಿನ ಮೇಡಂ ಹೇಳಿಕೊಟ್ಟದ್ದನ್ನೆಲ್ಲ ರಾತ್ರಿ ನಮಗೆ ವಿವರಿಸುವಳು. ಒಂದು ದಿನ ಹೇಳಿದಳು, "ಅಪ್ಪ, ನಾನು ಇದನ್ನೇ ಓದುತ್ತೇನೆ." ಫಿಸಿಯೋಥೆರಪಿ ಡಿಗ್ರಿಗೆ ಪಿಯುವಿನಲ್ಲಿ ಸಾಯನ್ಸ್ ಬೇಕು, ಬಯಾಲಜಿ ಬೇಕು. ಅವಳದ್ದು ಕಾಮರ್ಸ್. ಆ ಬಾಗಿಲನ್ನು ನಾವೇ, ಅವಳಿಗೆ ಹದಿನಾರು ವರ್ಷ ಆದಾಗ, ಒಂದು ಹತ್ತು ನಿಮಿಷದ ಮಾತಿನಲ್ಲಿ ಮುಚ್ಚಿ ಬಂದಿದ್ದೆವು.

ನಮ್ಮದು ಬುದ್ಧಿವಂತರ ಜಿಲ್ಲೆ ಅಂತ ಹೆಸರು. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಶೇ. 93.90 ಪಡೆದು ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಖುಷಿಯೇ. ಆದರೆ ಇಲ್ಲಿ ಓದುವ ಮಕ್ಕಳು ಒಂದು ಕಡೆ, ಓಡುವ ಮಕ್ಕಳು ಒಂದು ಕಡೆ ಅಂತ ಹತ್ತನೇ ಕ್ಲಾಸಿನಲ್ಲೇ ಗೆರೆ ಎಳೆದುಬಿಡುತ್ತೇವೆ. ಚೆನ್ನಾಗಿ ಓದುವ ಹುಡುಗನನ್ನು ನೀಟ್ ಕೋಚಿಂಗಿಗೆ ಹಾಕಿ ಓಟದ ಸ್ಪೈಕ್ಸ್ ಶೂ ಅಟ್ಟಕ್ಕೆ ಎಸೆಯುತ್ತೇವೆ. ಚೆನ್ನಾಗಿ ಓಡುವ ಹುಡುಗಿಗೆ ಸುಲಭದ್ದು ಯಾವುದೋ ಅದನ್ನು ಕೊಡಿಸುತ್ತೇವೆ. ಎರಡೂ ತಪ್ಪು ಅಲ್ವಾ?

ಕಾಲೇಜು ಸರಿಯಾಗಿ ಸಿಕ್ಕಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಅವರ ತಂದೆ ಪಿಕಪ್ ಓಡಿಸುತ್ತಿದ್ದವರು. ಗುರುರಾಜ್ ಮೊದಲು ಕುಸ್ತಿಯಲ್ಲಿದ್ದರು. ಉಜಿರೆಯ ಕಾಲೇಜಿಗೆ ಸೇರಿದ ಮೇಲೆ ಅಲ್ಲಿನ ಕೋಚ್ ಅವರನ್ನು ವೇಟ್‌ಲಿಫ್ಟಿಂಗಿಗೆ ತಂದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು, ಜೊತೆಗೆ ವಾಯುಪಡೆಯಲ್ಲಿ ಕೆಲಸ. ಮಂಗಳೂರಿನಲ್ಲಿ ಓದಿದ ಪೂವಮ್ಮ 2014ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರಿಗೆ ಕಂಚು, ರಿಲೇಯಲ್ಲಿ ಚಿನ್ನ ತಂದರು, ಒಎನ್‌ಜಿಸಿ ಉದ್ಯೋಗಿಯಾದರು. ನನ್ನ ಮಗಳ ಕೋಣೆಯ ಗೋಡೆಯಲ್ಲಿ ಇರುವುದು ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, ನಮ್ಮ ಜಿಲ್ಲೆಯವರೇ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವರು. ಇವರೆಲ್ಲ ಗೆದ್ದವರು, ಫೋಟೋ ಬರುತ್ತದೆ. ಅವರ ಜೊತೆ ಅದೇ ಹಾಸ್ಟೆಲಿನಲ್ಲಿ ಇದ್ದು, ಕಾಲು ನೋವಾಗಿ ಮನೆಗೆ ಹೋದವರು ಈಗ ಏನು ಮಾಡುತ್ತಿದ್ದಾರೆ? ಅದು ಯಾರಿಗೂ ಗೊತ್ತಿಲ್ಲ.

ಈ ಸಲ ಡಿಗ್ರಿಗೆ ಕಾಲೇಜು ಹುಡುಕುವಾಗ ನಾವು ಬೇರೆ ರೀತಿ ಮಾಡಿದೆವು. ಮಗಳೇ ಒಂದು ಹಾಳೆಯಲ್ಲಿ ಐದು ಪ್ರಶ್ನೆ ಬರೆದಳು. ಅವಳೇ ಕೇಳಿದಳು, ನಾನು ಪಕ್ಕದಲ್ಲಿ ಕೂತೆ. ಬಾಯಿ ಹಾಕಬಾರದು ಅಂತ ಮೊದಲೇ ಹೇಳಿದ್ದಳು. ಓಡಲಾಗದ ವರ್ಷ ನನ್ನ ಸೀಟು, ಹಾಸ್ಟೆಲ್ ಏನಾಗುತ್ತದೆ, ಬರೆದುಕೊಡುತ್ತೀರಾ? ಕೋಚ್ ಕಾಲೇಜಿನ ನೌಕರರೋ, ವರ್ಷದ ಗುತ್ತಿಗೆಯೋ? ಮೀಟಿಗೆ ಹೋದಾಗ ಅಟೆಂಡೆನ್ಸ್, ಇಂಟರ್ನಲ್ಸ್ ಹೇಗೆ? ಗಾಯವಾದರೆ ಯಾವ ಡಾಕ್ಟರ್, ಹಣ ಯಾರದ್ದು? ಐದನೆಯದ್ದು ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷದ ಹಿಂದೆ ಇಲ್ಲಿ ಸೇರಿದ ಹರ್ಡಲ್ಸ್ ಹುಡುಗಿಯರಲ್ಲಿ ಎಷ್ಟು ಮಂದಿ ಡಿಗ್ರಿ ಮುಗಿಸಿದರು, ಅವರ ಹತ್ತಿರ ಮಾತಾಡಬಹುದಾ?

ಐದು ಕಾಲೇಜಿಗೆ ಹೋದೆವು. ಎರಡು ಕಡೆ ಮುಖ ಸಣ್ಣ ಮಾಡಿದರು. ಒಂದು ಕಡೆ "ನೀವು ಮೊದಲು ನಂಬಿಕೆ ಇಡಿ" ಎಂದರು. ಎರಡು ಕಡೆ ಕೂತು ಉತ್ತರ ಕೊಟ್ಟರು. ಅದರಲ್ಲಿ ಒಂದರ ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್, ಇಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ, ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಬರೆದುಕೊಡುತ್ತೇನೆ ಎಂದು ಹೇಳಿ ನಾಲ್ಕೇ ದಿನದಲ್ಲಿ ಲೆಟರ್‌ಹೆಡ್ಡಿನಲ್ಲಿ ಕೊಟ್ಟರು. ಗಾಯವಾದರೆ ಒಂದು ವರ್ಷ ಎಲ್ಲ ಸೌಲಭ್ಯ ಮುಂದುವರಿಯುತ್ತದೆ ಅಂತ. ಎರಡೇ ಸಾಲು. ಕೇಳಿದರೆ ಕೊಡುವವರು ಇದ್ದಾರೆ, ನಾವು ಕೇಳುವುದಿಲ್ಲ ಅಷ್ಟೇ.

ಕೋರ್ಸಿನ ವಿಷಯದಲ್ಲಿ ಮನೆಯಲ್ಲಿ ಒಂದು ವಾರ ಚರ್ಚೆ ಆಯಿತು. ಅವಳ ಅಮ್ಮನಿಗೆ ಬಿ.ಕಾಂ ಮಾಡಿಸಿ ಬ್ಯಾಂಕ್ ಪರೀಕ್ಷೆ ಬರೆಸುವ ಆಸೆ. ನನಗೆ ಬಿ.ಪಿ.ಎಡ್ ಮಾಡಲಿ, ಪಿ.ಟಿ. ಟೀಚರ್ ಆಗಲಿ ಅಂತ. ವಿಚಾರಿಸಿದಾಗ ಗೊತ್ತಾಯಿತು, ಬಿ.ಪಿ.ಎಡ್ ಎರಡು ವರ್ಷದ್ದು, ಡಿಗ್ರಿ ಆದ ಮೇಲೆ ಮಾಡುವುದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಕೂಡ ಆಮೇಲಿನದ್ದು. ಅಂದರೆ ಡಿಗ್ರಿಯಲ್ಲಿ ಅವಳಿಗೆ ಬೇಕಾದ್ದನ್ನು ಓದಿದರೆ ನನ್ನ ಆಸೆಗೆ ಏನೂ ಅಡ್ಡಿ ಇಲ್ಲ. ಅವಳು ಸೈಕಾಲಜಿ ಇರುವ ಬಿ.ಎ. ಬೇಕು ಎಂದಳು. ಕಾಲಿಗೆ ಪೆಟ್ಟಾಗಿ ಮಲಗಿದ ಆ ಮೂರು ತಿಂಗಳು ಅವಳ ತಲೆಯಲ್ಲಿ ಏನು ನಡೆದಿತ್ತು ಅಂತ ಅವತ್ತು ಮೊದಲ ಸಲ ನಮಗೆ ಹೇಳಿದಳು. ಮಾತು ಮುಗಿಯುವ ಹೊತ್ತಿಗೆ ಅವಳಮ್ಮ ಬಿ.ಕಾಂ ಬಿಟ್ಟಿದ್ದಳು. ನೆರೆಮನೆಯವರು "ಬಿ.ಎ.ಯಾ?" ಅಂತ ಈಗಲೂ ಕೇಳುತ್ತಾರೆ. ಕೇಳಲಿ.

ನನ್ನ ಅಂಗಡಿಯ ಅನುಭವದಿಂದ ಇನ್ನೆರಡು ಮಾತು. ಸರ್ಟಿಫಿಕೇಟ್ ಎಲ್ಲ ಒಂದೇ ಬೆಲೆಯದ್ದಲ್ಲ. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ನೇರ ನೇಮಕಾತಿಯ ಶೇ. 5ರ ತನಕ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶ ಇದೆ. ಅಲ್ಲಿ ಕೇಳುವುದು ಫಾರ್ಮ್ ಲೆಕ್ಕ, ಅಂದರೆ ಯಾವ ಮಟ್ಟದ ಕೂಟ ಅಂತ ಅಧಿಕಾರಿ ಸಹಿ ಹಾಕಿದ ನಿಗದಿತ ನಮೂನೆಯ ಸರ್ಟಿಫಿಕೇಟ್. ಅಂತರರಾಷ್ಟ್ರೀಯ ಆದರೆ ಫಾರ್ಮ್ 1, ರಾಷ್ಟ್ರೀಯ ಆದರೆ 2, ಅಂತರ ವಿಶ್ವವಿದ್ಯಾಲಯ ಆದರೆ 3, ರಾಷ್ಟ್ರೀಯ ಶಾಲಾ ಕೂಟ ಆದರೆ 4. ಊರಿನ ಯುವಕ ಮಂಡಲದ ಕೂಟದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ವರ್ಷ ಬಿಟ್ಟು ಈ ಫಾರ್ಮಿಗೆ ಸಹಿ ಹಾಕಿಸಲು ಓಡಾಡುವ ಮಕ್ಕಳನ್ನು ನೋಡಿದ್ದೇನೆ, ಆ ಅಧಿಕಾರಿಯೇ ಬದಲಾಗಿರುತ್ತಾರೆ. ಕೂಟ ಮುಗಿದ ವರ್ಷವೇ ಮಾಡಿಸಿಕೊಳ್ಳಿ. ಸಿಇಟಿ ಬರೆಯುವವರು ಕ್ರೀಡಾ ಕೋಟಾವನ್ನು ಅರ್ಜಿಯಲ್ಲೇ ಕೇಳಿಕೊಳ್ಳಬೇಕು, ಅದನ್ನೂ ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ.

ಎರಡನೆಯದ್ದು, ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ನೋಡಿ. ಮಂಗಳೂರು ವಿ.ವಿ. ಅಥ್ಲೆಟಿಕ್ಸ್‌ನಲ್ಲಿ ದೇಶದಲ್ಲೇ ಗಟ್ಟಿ ತಂಡ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿ.ವಿ. ಕೂಟ ಮೂಡುಬಿದಿರೆಯಲ್ಲೇ ನಡೆಯಿತು. ಅಂಥ ತಂಡದಲ್ಲಿ ಜಾಗ ಸಿಕ್ಕಿದರೆ ಮಕ್ಕಳು ತುಂಬಾ ಕಲಿಯುತ್ತಾರೆ, ಆದರೆ ಒಂದು ಸ್ಪರ್ಧೆಗೆ ಒಂದು ವಿ.ವಿ.ಯಿಂದ ಬೆರಳೆಣಿಕೆಯ ಮಂದಿಗೆ ಮಾತ್ರ ಅವಕಾಶ. ಡೀಮ್ಡ್ ವಿ.ವಿ. (ತಾನೇ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆ) ಆದರೆ ಅದರದ್ದೇ ತಂಡ. ಕರೆಸ್ಪಾಂಡೆನ್ಸಿನಲ್ಲಿ ಓದಿದರೆ ಈ ಕೂಟವೇ ಇಲ್ಲ. ಮಗುವಿನ ಟೈಮಿಂಗ್ ಎಷ್ಟು, ಅಲ್ಲಿ ಈಗ ಓಡುವವರ ಟೈಮಿಂಗ್ ಎಷ್ಟು, ಮನೆಯಲ್ಲಿ ಕೂತು ಒಮ್ಮೆ ಹೋಲಿಸಿ ನೋಡಿ. ಇದು ಕೋಚ್ ಒಬ್ಬರೇ ಮಾಡಬೇಕಾದ ಲೆಕ್ಕ ಅಲ್ಲ.

ಕೋಚ್‌ಗಳ ಬಗ್ಗೆ ನನಗೆ ಕೋಪ ಇಲ್ಲ. ಬಿದಿರಿನ ಹರ್ಡಲ್ ಮಾಡಿಕೊಟ್ಟ ಮಾಸ್ಟ್ರು ಇಲ್ಲದಿದ್ದರೆ ನನ್ನ ಮಗಳು ಓಡುತ್ತಲೇ ಇರಲಿಲ್ಲ. ಅವಳು ಈಗ ಮತ್ತೆ ಓಡುತ್ತಿದ್ದಾಳೆ. ಬೆಳಿಗ್ಗೆ ಮೊದಲ ಬಸ್ಸಿಗೆ ಉಡುಪಿಯ ಅಜ್ಜರಕಾಡಿಗೆ ಹೋಗಿ, ಜಿಲ್ಲಾ ಕ್ರೀಡಾಂಗಣದಲ್ಲಿ ಓಡಿ ಬರುತ್ತಾಳೆ. ಹಳೆಯ ಟೈಮಿಂಗ್ ಇನ್ನೂ ಬಂದಿಲ್ಲ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಮೇ ತಿಂಗಳಲ್ಲಿ ನಿಮ್ಮ ಪತ್ರಿಕೆಯಲ್ಲಿ ಕಾಲೇಜುಗಳ ಜಾಹೀರಾತು ಬರುತ್ತದೆ, ಪದಕ ಹಾಕಿಕೊಂಡ ಮಕ್ಕಳ ಫೋಟೋ ಇರುತ್ತದೆ. ಅದೇ ತಿಂಗಳು ಒಂದು ಪುಟ ಬೇರೆ ಕೊಡಿ. ಐದು ವರ್ಷದ ಹಿಂದೆ ದತ್ತಿಗೆ ಸೇರಿದ ಮಕ್ಕಳು ಈಗ ಎಲ್ಲಿದ್ದಾರೆ ಅಂತ ನಿಮ್ಮ ವರದಿಗಾರರು ಹುಡುಕಿ ಬರೆಯಲಿ. ಗೆದ್ದವರು, ನಿಲ್ಲಿಸಿದವರು ಇಬ್ಬರದ್ದೂ. ಎರಡು ಜಿಲ್ಲೆಯ ಕಾಲೇಜುಗಳಿಗೂ ಕೇಳುತ್ತೇನೆ, ದತ್ತಿನ ಷರತ್ತನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಕೈಗೆ ಕೊಡಿ. ಗಾಯದ ಸಾಲು ಅದರಲ್ಲಿ ಮೊದಲು ಇರಲಿ.

ಮಗಳು ಬರೆದ ಐದು ಪ್ರಶ್ನೆಯ ಹಾಳೆಯನ್ನು ಅವಳೇ ಟೈಪ್ ಮಾಡಿ ಕೊಟ್ಟಿದ್ದಾಳೆ. ಕ್ರೀಡಾ ಸರ್ಟಿಫಿಕೇಟ್ ಹಿಡಿದುಕೊಂಡು ಅಂಗಡಿಗೆ ಬರುವ ಮಕ್ಕಳಿಗೆಲ್ಲ ಅದರ ಒಂದು ಪ್ರತಿಯನ್ನು ಫೈಲಿನೊಳಗೆ ಇಟ್ಟು ಕೊಡುತ್ತಿದ್ದೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಒಬ್ಬ ಓಟಗಾರ್ತಿಯ ಅಪ್ಪ, ಬ್ರಹ್ಮಾವರ